ಸುಡದ ಕೈ

ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಎಂಬ್ರಾಯ್ಡರಿ ಕಲಿಸಿದರು, ಸ್ಪೆಲಿಂಗ್ ತಪ್ಪದ ಇಂಗ್ಲಿಷ್ ಕಲಿಸಿದರು, ಊಟದ ಮೇಜಿನ ಮೇಲೆ ಮೊಣಕೈ ಊರಬಾರದೆಂದು ಕಲಿಸಿದರು. ಜೋಳದ ರೊಟ್ಟಿ ಬಡಿಯುವುದನ್ನು ಯಾರೂ ಕಲಿಸಲಿಲ್ಲ. ಎಪ್ಪತ್ತರ ದಶಕದ ಮೊದಲಲ್ಲಿ ಮದುವೆಯಾಗಿ ಇಳಕಲ್ಲಿಗೆ ಬಂದಾಗ ಅದೇ ನನ್ನ ದೊಡ್ಡ ಅವಮಾನವಾಯಿತು. ನನ್ನ ಯಜಮಾನರದು ಬಾದಾಮಿ ಕಡೆಯಿಂದ ಬಂದು ನೆಲೆನಿಂತ ಕ್ರೈಸ್ತ ನೇಕಾರರ ಮನೆ. ಅವರು ಹುನಗುಂದದ ಕಚೇರಿಯಲ್ಲಿ ಗುಮಾಸ್ತರು. ಅತ್ತೆ ಇನ್ನೂ ಕುಣಿ ಮಗ್ಗಕ್ಕೆ ಇಳಿದು ಸೀರೆ ನೇಯುತ್ತಿದ್ದರು. ನಾನು ಸಾಲೆಯಲ್ಲಿ ಇಂಗ್ಲಿಷ್ ಟೀಚರ್. ನನ್ನ ರೊಟ್ಟಿಗಳು ಒಂದೊಂದು ದೇಶದ ಮ್ಯಾಪಿನಂತೆ ಇರುತ್ತಿದ್ದವು. ಓಣಿಯ ಹೆಂಗಸರು ಅವಕ್ಕೆ ‘ಇಂಗ್ಲಿಷ್ ರೊಟ್ಟಿ’ ಎಂದು ಹೆಸರಿಟ್ಟು ನಗುತ್ತಿದ್ದರು.

ನಾನು ಸೋಲುವವಳಲ್ಲ. ನಾಲ್ಕೈದು ವರ್ಷಗಳಲ್ಲಿ ಆ ಓಣಿಯಲ್ಲಿ ನನ್ನಷ್ಟು ತೆಳ್ಳಗೆ, ನನ್ನಷ್ಟು ಬೇಗ ರೊಟ್ಟಿ ಮಾಡುವವರು ಇರಲಿಲ್ಲ. ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಿಂದ ತಿರುವಿ, ಅಂಚನ್ನು ಬೆರಳಿನಿಂದಲೇ ಒತ್ತಿ ಉಬ್ಬಿಸುತ್ತಿದ್ದೆ. ಪಕ್ಕದ ಮನೆಯಾಕೆ ಬಂದು ನಿಂತು ನೋಡುತ್ತಿದ್ದಳು.

“ಅಕ್ಕೋರ, ನಿಮ್ಮ ಕೈ ಕಬ್ಬಿಣದ್ದೇನ್ರಿ? ನಮ್ಮ ಬೆರಳು ಸುಟ್ಟು ಹಪ್ಪಳ ಆಗ್ತಾವು.”

“ಪ್ರಾಕ್ಟೀಸ್ ಬೇಕ್ರೀ, ಪ್ರಾಕ್ಟೀಸ್,” ಎನ್ನುತ್ತಿದ್ದೆ. ಆ ಮಾತು ಹೇಳುವಾಗ ನನ್ನ ಕತ್ತು ಎಷ್ಟು ನೆಟ್ಟಗಾಗುತ್ತಿತ್ತೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಭಾನುವಾರ ಚರ್ಚಿನಲ್ಲಿ ಮಕ್ಕಳ ಸಂಡೆ ಸ್ಕೂಲೂ ನನ್ನದೇ. ಅಲ್ಲಿ ನನಗೆ ಬಲು ಪ್ರಿಯವಾದ ಕಥೆಯೆಂದರೆ ಬೈಬಲ್ಲಿನ ಅರಾಮ್ ದೇಶದ ಸೇನಾಪತಿಯದು. ಯುದ್ಧ ಗೆದ್ದವನು, ರಾಜನಿಗೆ ಬೇಕಾದವನು, ಆದರೆ ಮೈಗೆ ಕುಷ್ಠ. ರಥ, ಕುದುರೆ, ಬಂಗಾರ ಎಲ್ಲ ಕಟ್ಟಿಕೊಂಡು ಪ್ರವಾದಿಯ ಬಾಗಿಲಿಗೆ ಹೋದರೆ ಪ್ರವಾದಿ ಹೊರಗೇ ಬರಲಿಲ್ಲ. ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗು ಎಂದು ಆಳಿನ ಕೈಯಲ್ಲಿ ಹೇಳಿಕಳಿಸಿದ. ಸೇನಾಪತಿಗೆ ಸಿಟ್ಟು ಬಂತು. ನಮ್ಮೂರಲ್ಲಿ ಇದಕ್ಕಿಂತ ಒಳ್ಳೆಯ ಹೊಳೆಗಳಿಲ್ಲವೇ ಎಂದು ಅವನು ಕೂಗಾಡುವುದನ್ನು ನಾನು ಆಕ್ಟ್ ಮಾಡಿ ತೋರಿಸುತ್ತಿದ್ದೆ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು.

ಒಂದು ಕ್ರಿಸ್ಮಸ್ಸಿನ ಹಿಂದಿನ ವಾರ ಮನೆ ತುಂಬ ನೆಂಟರು. ನಾನು ಒಲೆಯ ಮುಂದೆ ಕುಳಿತು, ಮುಖ ಅತ್ತ ತಿರುಗಿಸಿ ಹರಟುತ್ತ ರೊಟ್ಟಿ ಬೇಯಿಸುತ್ತಿದ್ದೆ. ಅತ್ತೆ ಮಗ್ಗದಿಂದ ಎದ್ದು ಬಂದವರು ಮೂಗೆಳೆದುಕೊಂಡರು.

“ಏನ ಸುಡಾಕತ್ತೈತಿ?”

“ರೊಟ್ಟಿ ಇರಬೇಕ್ರಿ, ಅತ್ತಿ.”

“ರೊಟ್ಟಿ ವಾಸನಿ ಅಲ್ಲವಾ ಇದು!” ಎಂದವರೇ ನನ್ನ ಬಲಗೈ ಜಗ್ಗಿ ನೀರಿನ ಕೊಡಕ್ಕೆ ಅದ್ದಿದರು. ನನ್ನ ಕಿರುಬೆರಳು ಹಂಚಿನ ಮೇಲೆಯೇ ಇತ್ತು. ಚರ್ಮ ಬೆಳ್ಳಗೆ ಬೆಂದು ಸುಲಿದಿತ್ತು. ನನಗೆ ನೋವಿರಲಿ, ಬಿಸಿಯೂ ಗೊತ್ತಾಗಿರಲಿಲ್ಲ.

ಅತ್ತೆ ನೆಂಟರ ಕಣ್ಣು ತಪ್ಪಿಸಿ ನನ್ನನ್ನು ಒಳಕೋಣೆಗೆ ಕರೆದೊಯ್ದು ಕುಪ್ಪಸದ ತೋಳು ಮೇಲೇರಿಸಿದರು. ಮೊಣಕೈ ಕೆಳಗೆ ಒಂದು ಮಾಸಲು ಬಿಳಿ ಮಚ್ಚೆ. ಅದನ್ನು ನಾನು ಬಿಸಿಲಿನ ಮಚ್ಚೆ ಅಂದುಕೊಂಡಿದ್ದೆ. ಅತ್ತೆ ಸೂಜಿಯಿಂದ ಅದನ್ನು ಚುಚ್ಚಿದರು.

“ಗೊತ್ತಾತೇನ?”

“ಏನ್ರಿ?”

ಅವರು ಸೂಜಿ ಕೆಳಗಿಟ್ಟರು. “ದೊಡ್ಡ ಬ್ಯಾನಿ ಐತವಾ,” ಎಂದರು ಮೆಲ್ಲಗೆ. ಕುಷ್ಠದ ಹೆಸರು ಎತ್ತಲು ಅಂಜುವ ನಮ್ಮ ಕಡೆಯವರು ಅದನ್ನು ಹಾಗೆಯೇ ಕರೆಯುತ್ತಾರೆ.

ಹುನಗುಂದದ ರಸ್ತೆಯ ಹುಣಸೆಮರದ ಕೆಳಗೆ ಪ್ರತಿ ಮಂಗಳವಾರ ಸರಕಾರದ ಕಾರ್ಯಕರ್ತರೊಬ್ಬರು ಸೈಕಲ್ಲಿನ ಮೇಲೆ ಬಂದು ಈ ಬೇನೆಗೆ ಗುಳಿಗೆ ಕೊಡುತ್ತಿದ್ದರು. ಜನ ಅವರನ್ನು ಡಾಕ್ಟರೆಂದೇ ಕರೆಯುತ್ತಿದ್ದರು. ಮರದ ಕೆಳಗೆ ಕಲ್ಲು ಒಡೆಯುವವರು, ಕುರುಬರು, ಭಿಕ್ಷೆ ಬೇಡುವವರು ಸಾಲು ನಿಲ್ಲುತ್ತಿದ್ದರು. ದಿನವೂ ನಾನು ಸಾಲೆಗೆ ಹೋಗುವ ದಾರಿ ಅದೇ. “ನಾನು ಅಲ್ಲಿಗೆ ಹೋಗುವುದಿಲ್ಲ,” ಎಂದೆ ಯಜಮಾನರಿಗೆ. “ಮಿರಜಿನ ದೊಡ್ಡ ದವಾಖಾನೆಗೆ ಹೋಗೋಣ, ಸ್ಪೆಷಲಿಸ್ಟ್ ಹತ್ತಿರ.” ಅವರಿಗೆ ರಜೆ ಸಿಗುವುದು ಮೇ ತಿಂಗಳಲ್ಲಿ. ಆಗಲಿ, ಕಾಯುತ್ತೇನೆ ಎಂದೆ. ಕಾಯುತ್ತಿದ್ದಂತೆ ಕಿರುಬೆರಳು ಒಳಗೆ ಬಾಗತೊಡಗಿತು. ಒಂದು ದಿನ ಬೋರ್ಡಿನ ಮೇಲೆ ಬರೆಯುವಾಗ ಚಾಕ್‌ಪೀಸ್ ಕೈಯಿಂದ ಜಾರಿ ಬಿತ್ತು, ಎತ್ತಿಕೊಂಡೆ, ಮತ್ತೆ ಬಿತ್ತು. ಬರೆಯುವ ಕೈ ಹೋದರೆ ನನ್ನ ಬಾಳೇ ಹೋದಂತೆ. ಅಷ್ಟು ತಿಳಿದೂ ಮರದ ಕಡೆ ಕಾಲು ಏಳಲಿಲ್ಲ.

ಅತ್ತೆಗೆ ಓದು ಬರುತ್ತಿರಲಿಲ್ಲ. ಬೈಬಲ್ಲನ್ನೆಲ್ಲ ಕಿವಿಯಿಂದಲೇ ಕಲಿತವರು. ಅಂದು ಸಂಜೆ ಮಗ್ಗದ ಕುಣಿಯಲ್ಲಿ ಕೂತೇ, ಲಾಳಿ ಒಗೆಯುತ್ತ ಕೇಳಿದರು.

“ಆ ದಂಡಿನ ಸಾಹೇಬನ ಕತಿ ಹೇಳ್ತೀಯಲ್ಲ ಹುಡುಗ್ರಿಗೆ. ಅವ ಯಾಕ ಸಿಟ್ಟಿಗೆದ್ದ?”

“ಸಣ್ಣ ಹೊಳಿ, ರಾಡಿ ನೀರು ಅಂತ್ರಿ.”

“ಅದಕ್ಕಲ್ಲಬಿಡು. ನೀರಿಗೆ ಇಳೀಬೇಕಂದ್ರ ಮೊದಲ ಏನ ಮಾಡಬೇಕ?”

“ಪ್ರಾರ್ಥನಾ ಮಾಡಬೇಕ್ರಿ,” ಎಂದೆ.

“ಅಂಗಿ ಕಳೀಬೇಕು,” ಎಂದರು. “ಅಷ್ಟ ದಿನ ಆ ಬ್ಯಾನಿ ಕವಚದಾಗ ಮುಚ್ಚಿಟ್ಟಿದ್ದ. ಆಳು-ಹೋಳು ಎಲ್ಲಾರ ಮುಂದ ಕಳದು ನಿಂದ್ರಬೇಕಾತು. ಅವಂಗ ಹೊಳಿಗಿಂತ ಅದ ಭಾಳ ಕಠಿಣ ಆಗಿತ್ತು. ಕಾನ್ವೆಂಟಿನ್ಯಾಗ ಇದನ್ನ ಹೇಳಿಕೊಡ್ಲಿಲ್ಲೇನ ನಿಮಗ?”

ಎಷ್ಟು ವರ್ಷ ಆ ಕಥೆ ಹೇಳಿದ್ದೆ! ಏಳು ಮುಳುಗನ್ನೂ ಬೆರಳು ಮಡಿಸಿ ಎಣಿಸಿ ತೋರಿಸಿದ್ದೆ. ದಡದ ಮೇಲೆ ಅಂಗಿಯ ಅಂಚಿಗೆ ಕೈ ಹಾಕಿ ಹಿಂದೆ ಮುಂದೆ ನೋಡುತ್ತ ನಿಂತ ಆ ಮನುಷ್ಯ ಮಾತ್ರ ಒಮ್ಮೆಯೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಂದು ಪ್ರಾರ್ಥನೆಗೆ ಕೂತಾಗ ಗುಣಮಾಡು ಎಂದು ಕೇಳಲಿಲ್ಲ. ಮಂಗಳವಾರ ಕಾಲು ಹಿಂದಕ್ಕೆ ಸರಿಯದಿರಲಿ ಎಂದಷ್ಟೇ ಕೇಳಿದೆ.

ಮಂಗಳವಾರ ಹೋದೆ. ನನ್ನ ಹಿಂದೆ ರಾಮಥಾಳದ ಕಡೆಯ ಮುದುಕ ಕುರುಬನೊಬ್ಬ ಕಂಬಳಿ ಹೊದ್ದು ನಿಂತಿದ್ದ. ಕಾರ್ಯಕರ್ತರು ಹತ್ತಿಯ ಎಳೆ ತೆಗೆದುಕೊಂಡು, “ಕಣ್ಣ ಮುಚ್ಚರಿ ಅಕ್ಕೋರ. ನಾ ಮುಟ್ಟಿದಲ್ಲೆ ಬೆರಳ ಇಟ್ಟ ತೋರಸ್ರಿ,” ಎಂದರು. ಪರೀಕ್ಷೆ ಅಂದ ಕೂಡಲೆ ನನ್ನೊಳಗಿನ ಫಸ್ಟ್ ರ‍್ಯಾಂಕಿನ ಹುಡುಗಿ ಎದ್ದು ಕೂತಳು. ರೆಪ್ಪೆಯ ಸಂದಿಯಿಂದ ನೋಡಿ ಎಲ್ಲವನ್ನೂ ಸರಿಯಾಗಿ ತೋರಿಸಿದೆ.

“ಹತ್ತಕ್ಕ ಹತ್ತು!” ಎಂದ ಅವರು ಏನೋ ಅನುಮಾನ ಬಂದವರಂತೆ ನನ್ನ ಸೆರಗನ್ನೇ ಕಣ್ಣ ಮೇಲೆ ಎಳೆದುಕೊಳ್ಳಲು ಹೇಳಿದರು. “ಈಗ?”

“ಹೂಂ ರಿ, ಇಲ್ಲೆ.”

“ಈಗ?”

“ಇಲ್ಲೆ, ಮಣಿಕಟ್ಟಿನ ಮ್ಯಾಲೆ.”

ಹಿಂದಿನಿಂದ ಕುರುಬ ಹೋ ಎಂದು ನಕ್ಕ. “ಯವ್ವಾ, ಡಾಕ್ಟರ್ ಇನ್ನಾ ಮುಟ್ಟೇ ಇಲ್ಲ! ಹತ್ತಿ ಅವರ ಕಿಸೇದಾಗ ಐತಿ!”

ಸಾಲಿಗೆ ಸಾಲೇ ನಕ್ಕಿತು. ನಾನು ಸೆರಗು ಸರಿಸಿದೆ. ಅಳಬೇಕೆಂದುಕೊಂಡವಳಿಗೆ ನಗು ಬಂದುಬಿಟ್ಟಿತು. ಕಾರ್ಯಕರ್ತರು ನಗಲಿಲ್ಲ. “ಕಾಪಿ ಹೊಡದ್ರ ಲುಕ್ಸಾನ ನಿಮಗ ಅಕ್ಕೋರ. ಗೊತ್ತಾಗದಿದ್ರ ಗೊತ್ತಾಗಲಿಲ್ಲ ಅನ್ರಿ. ಖರೆ ಹೇಳಿದ್ರ ಕೈ ಉಳೀತೈತಿ.”

ಗೊತ್ತಾಗಲಿಲ್ಲ ಅನ್ನುವುದನ್ನು ಅವತ್ತು ಕಲಿತೆ. ಒಂದೊಂದು ಜಾಗಕ್ಕೂ ಅದನ್ನೇ ಹೇಳಿದೆ, ಎಲ್ಲರಿಗೂ ಕೇಳುವಂತೆ.

ಸೇನಾಪತಿಯ ಏಳು ಮುಳುಗು ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ನನ್ನವು ವರ್ಷಗಟ್ಟಲೆ ನಡೆದವು. ಗುಳಿಗೆ ಒಂದು ದಿನವೂ ತಪ್ಪಿಸಲಿಲ್ಲ. ದಿನಾ ಕೈ ನೀರಲ್ಲಿ ನೆನೆಸಿ, ಎಣ್ಣೆ ತಿಕ್ಕಿ, ಬಾಗಿದ ಬೆರಳನ್ನು ಇನ್ನೊಂದು ಕೈಯಿಂದ ನೀವಿ ನೀವಿ ಚಾಚುತ್ತಿದ್ದೆ. ಹೆಡ್‌ಮಿಸ್ಟ್ರೆಸ್ಸಿಗೆ ನಾನೇ ಹೋಗಿ ಹೇಳಿದೆ. ಅವರು ಇದು ಅಂಟುವಂಥದ್ದಲ್ಲ ಎಂಬ ಚೀಟಿ ತರಲು ಹೇಳಿದರು. ತಂದುಕೊಟ್ಟೆ. ಚರ್ಚಿನಲ್ಲಿ ಇಬ್ಬರು ನನ್ನ ಬೆಂಚು ಬಿಟ್ಟು ಬೇರೆ ಕಡೆ ಕೂತರು. ನಾನು ಬೆಂಚು ಬಿಡಲಿಲ್ಲ. ಹಂಚಿನ ಹತ್ತಿರ ಈಗ ಕೈಗೆ ಬಟ್ಟೆ ಸುತ್ತಿಕೊಂಡೇ ಕೂಡಬೇಕಿತ್ತು, ಅದಕ್ಕೆ ರೊಟ್ಟಿಗಳು ಪುನಃ ಮ್ಯಾಪುಗಳಾದವು. ಅತ್ತೆ ಅವನ್ನೇ ತಿಂದರು.

ಎಂಬತ್ತರ ದಶಕ ಕಾಲಿಟ್ಟ ಮೇಲೆ ಒಂದು ಮಂಗಳವಾರ ಕಾರ್ಯಕರ್ತರು ಗುಳಿಗೆ ಸಾಕೆಂದರು. ಮಚ್ಚೆಯ ಮೇಲೆ ಹತ್ತಿ ಆಡಿಸಿದರೆ ಇರುವೆ ಹರಿದಂತೆ ಗೊತ್ತಾಗುತ್ತಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಗಟ್ಟಿಯಾಗಿ ಉಳಿದಿದ್ದವು. ಬರೆಯುವ ಕೈ ಉಳಿಯಿತು. ಕಿರುಬೆರಳು ಮಾತ್ರ ನೆಟ್ಟಗಾಗಲಿಲ್ಲ. “ಅದ ಹಂಗ ಉಳೀತೈತ್ರಿ,” ಎಂದರು.

ಸೇನಾಪತಿಯ ಮೈ ಎಳೆಮಗುವಿನ ಮೈಯಂತಾಯಿತು ಎಂದು ಬರೆದಿದೆ. ನನಗೇಕೆ ಒಂದು ಬೆರಳು ಕಡಿಮೆ ಎಂದು ಒಂದೆರಡು ದಿನ ದೇವರ ಮೇಲೆ ಮುನಿಸು ಇತ್ತು, ಸುಳ್ಳೇಕೆ ಹೇಳಲಿ. ಆಮೇಲೆ ಅನ್ನಿಸಿತು, ಗುಣವಾದ ಆ ಮನುಷ್ಯ ತನ್ನ ಊರಿಗೆ ಹೋಗಿ ಕವಚ ತೊಟ್ಟ ಮೇಲೆ ಅವನಿಗೆ ಬೇನೆ ಇತ್ತೆಂದು ನಂಬುವವರು ಯಾರು? ನನ್ನ ಬೆರಳನ್ನು ಯಾರು ಬೇಕಾದರೂ ನೋಡಬಹುದು.

ಕಾರ್ಯಕರ್ತರು ಒಬ್ಬರೇ ಹತ್ತಿ ಹಿಡಿದು, ಒಬ್ಬರೇ ಚೀಟಿ ಬರೆದು ಒದ್ದಾಡುತ್ತಿದ್ದರು. ಚೀಟಿ ನಾನು ಬರೆಯುತ್ತೇನೆ ಎಂದೆ. ಸಾಲೆಯಲ್ಲಿ ಕೇಳಿ ಮಂಗಳವಾರದ ಮೊದಲ ಎರಡು ಪೀರಿಯಡ್ ಬಿಡಿಸಿಕೊಂಡೆ. ಮೊದಲ ದಿನ ಮರದ ಕೆಳಗೆ ಸ್ಟೂಲ್ ಹಾಕಿಕೊಂಡು ಕೂತಿದ್ದಾಗ, ಒಳ್ಳೆಯ ಸೀರೆ ಉಟ್ಟ ಹೆಂಗಸೊಬ್ಬಳು ಮುಖದ ತನಕ ಸೆರಗು ಹೊದ್ದು ದೂರದಲ್ಲೇ ಬಹಳ ಹೊತ್ತು ನಿಂತಿದ್ದಳು. ಕಡೆಗೆ ಹತ್ತಿರ ಬಂದು, ಯಾರಿಗೂ ಕೇಳದಂತೆ ಬಾಗಿ ಕೇಳಿದಳು.

“ನೀವು ಡಾಕ್ಟರ್ ಬಾಯಿಯವರೇನ್ರಿ?”

“ಅಲ್ರಿ, ನಾ ಇಲ್ಲಿ ಪೇಷಂಟ್,” ಎಂದೆ ಜೋರಾಗಿ. “ಬರ್ರಿ, ಮುಂದ ಬರ್ರಿ. ಕೈ ತೋರಸ್ರಿ.”