ಬೀದಿ ಪರದೆಯ ಗಂಟುಗಳು

ಗಡಿ ದಾಟಿ ಬಂದ ನಿರಾಶ್ರಿತರ ಪರಿಹಾರಕ್ಕೆಂದು ಪ್ರತಿ ಕಾಗದದ ಕವರಿಗೂ ಇನ್ನೊಂದು ಅಂಚೆಚೀಟಿ ಅಂಟಿಸುತ್ತಿದ್ದ ಕಾಲ ಅದು. ಹೊಸದುರ್ಗದ ನಮ್ಮ ಹವ್ಯಾಸಿ ತಂಡ ನಿರಾಶ್ರಿತರ ಮೇಲೊಂದು ನಾಟಕ ಎತ್ತಿಕೊಂಡಿತು. ಚಿತ್ರದುರ್ಗದಲ್ಲಿ ಹೊಸ ಬಗೆಯ ನಾಟಕ ನೋಡಿ ಬಂದಿದ್ದವನು ನಾನೊಬ್ಬನೇ. ಆ ಜಂಬಕ್ಕೆ, "ಸೀನರಿ ಗೀನರಿ ಏನೂ ಬ್ಯಾಡ, ಸಾಂಕೇತಿಕವಾಗಿ ಮಾಡಾಣ" ಎಂದುಬಿಟ್ಟೆ. ಅವರು ಒಪ್ಪಿ ರಂಗಸಜ್ಜಿಕೆಯನ್ನು ನನ್ನ ತಲೆಗೇ ಕಟ್ಟಿದರು.

ನನಗೆ ಹೊಳೆದದ್ದು ಇಷ್ಟು: ರಂಗ ಖಾಲಿ. ಬರುವವರ ತಲೆಯ ಮೇಲೆ ಗಂಟು. ಒಬ್ಬೊಬ್ಬರ ಗಂಟಿನ ಬಟ್ಟೆಯೂ ಬಿಟ್ಟುಬಂದ ಮನೆಯ ಚಿತ್ರದ ಒಂದು ತುಂಡು. ಕೊನೆಗೆ ಬಿಚ್ಚಿ ಹಾಸಿದರೆ, ಹರಿದ ಊರು. ಇದಕ್ಕೆ ಬೇಕಾದದ್ದು ಬೀದಿ ಬರೆದ ಪರದೆ. ಅದಿದ್ದದ್ದು ಅಪ್ಪನ ಹತ್ತಿರ.

ಅಪ್ಪ ಕಂಪನಿ ನಾಟಕದ ಪರದೆ ಬರೆಯುತ್ತಿದ್ದವರು. ಕಾಡು, ಅರಮನೆ, ಬೀದಿಯ ಪರದೆಗಳನ್ನು ಸುತ್ತಿ ಗಾಡಿಗೆ ಹೇರಿ ಮತ್ತೋಡು, ಬಾಗೂರು ಅಂತ ಬಾಡಿಗೆಗೆ ಒಯ್ಯುತ್ತಿದ್ದರು. ಕೈ ನಡುಗತೊಡಗಿದ ಮೇಲೆ ಕುಂಚ ಮುಟ್ಟಿರಲಿಲ್ಲ. ಕಾಡು, ಅರಮನೆ ಇಲಿಗಳ ಪಾಲಾಗಿದ್ದವು. ಉಳಿದದ್ದು ಬೀದಿಯೊಂದೇ: ಸಾಲುಮನೆ, ಬಾಗಿಲಿಗೊಂದು ಬಣ್ಣ, ಒಂದು ಜಗುಲಿಯ ಮೇಲೆ ಮಡಚಿಟ್ಟ ಕಂಬಳಿ.

ಅದನ್ನು ಕೇಳಿದಾಗ, "ಕತ್ತರಿಸ್ತೀಯೇನಪ್ಪ?" ಎಂದರು ಅಪ್ಪ.

"ಹೂಂ."

"ತಿರುಗಿ ಬರಿಯಾಕೆ ನನ್ ಕೈಲಿ ಆಗಲ್ಲ, ಗೊತ್ತೈತಲ್ಲ?"

ಗೊತ್ತು ಎಂದೆ. ಪರದೆಯ ಸುರುಳಿಯನ್ನು ನನ್ನತ್ತ ತಳ್ಳಿ, "ತಗಂಡೋಗು" ಎಂದರು. ಬೇಡ ಅಂದಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ. ಒಪ್ಪಿಕೊಂಡದ್ದೇ ನುಂಗಲಾರದ ತುತ್ತಾಯಿತು. ಕತ್ತರಿ ಹಾಕಿದ ದಿನದಿಂದ ನನಗೆ ಒಂದೇ ಭಯ, ಇದನ್ನು ನೋಡಿ ಅಪ್ಪ ಏನಾಗುತ್ತಾರೋ ಎಂದು. ಬರಬೇಡ ಅನ್ನಲು ಬಾಯಿ ಬರಲಿಲ್ಲ. ಅವರು ಒಗೆದ ಪಂಚೆ ಉಟ್ಟು ಎಲ್ಲರಿಗಿಂತ ಮುಂಚೆ ಬಂದು ಮೊದಲ ಸಾಲಿನಲ್ಲಿ ಕುಳಿತರು.

ಶಾಲೆಯ ಬಯಲು ತುಂಬಿತ್ತು. ಮುಂಪರದೆ ಸರಿಯುತ್ತಲೇ ಯಾವನೋ, "ಸೀನರಿ ಎಲ್ಲಿ ಹೋದ್ವು ಲೇ?" ಎಂದು ಕೂಗಿದ. ಜನ ಗೊಳ್ಳೆಂದರು. ನಾನು ರಂಗದ ಪಕ್ಕದಲ್ಲಿ ಪರದೆಯ ಹಗ್ಗ ಹಿಡಿದು ನಿಂತಿದ್ದೆ. ಹೇಗೋ ಕೊನೆಯ ದೃಶ್ಯ ಬಂತು. ಗಂಟು ಬಿಚ್ಚಿದರು. ಗಾಬರಿಯಲ್ಲಿ ಯಾವ ಮನೆ ಎಲ್ಲಿ ಅನ್ನದೆ ಕೈಗೆ ಬಂದಂತೆ ಹಾಸಿದರು.

ಅಪ್ಪ ಎದ್ದರು. ಚಪ್ಪಲಿ ಕೆಳಗೆ ಬಿಟ್ಟು ರಂಗ ಹತ್ತಿದರು. "ಇದು ಇಲ್ಲಲ್ರಪ್ಪ, ಆ ಕಡೀಕೆ" ಎನ್ನುತ್ತಾ ತುಂಡುಗಳನ್ನು ಎಳೆದು ಸರಿಯಾಗಿ ಜೋಡಿಸತೊಡಗಿದರು. ನಟರು ಕಲ್ಲಾಗಿ ನಿಂತರು. ಈಗ ಜನ ನಗುತ್ತಾರೆ, ನನ್ನನ್ನು ನೋಡಿಯಲ್ಲ, ಅಪ್ಪನನ್ನು ನೋಡಿ, ಅಂದುಕೊಂಡೆ. ಆದರೆ ನಗಲಿಲ್ಲ. ಮನೆ ಹುಡುಕುತ್ತಿರುವ ಮುದುಕನ ಪಾತ್ರ ಅಂದುಕೊಂಡು ಬಯಲೇ ಸದ್ದಡಗಿತ್ತು. ನಾನು ಕತ್ತರಿಸಿದ ಅಂಚುಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಅಪ್ಪ ಅಂಗೈಯಿಂದ ಒತ್ತಿ ಒತ್ತಿ ನೋಡಿದರು. ಕೊನೆಗೆ ಕಂಬಳಿಯಿದ್ದ ಮನೆಯ ಮುಂದೆ ಕುಳಿತುಬಿಟ್ಟರು. ಏಳಲಿಲ್ಲ.

ನನಗೆ ತಡೆಯಲಾಗಲಿಲ್ಲ. ಹಗ್ಗ ಬಿಟ್ಟು, ಪ್ಯಾಂಟು ಶರಟಿನಲ್ಲೇ ರಂಗಕ್ಕೆ ಹೋಗಿ ಅವರ ಭುಜ ಹಿಡಿದೆ.

"ಏಳಪ್ಪ, ಹೋಗಾಣ."

ಅಪ್ಪ ಬಟ್ಟೆಯ ಮೇಲಿನ ಕಣ್ಣು ತೆಗೆಯದೆ, "ಎಲ್ಲಿಗೆ?" ಎಂದರು.

ನನಗೆ ಅಳು ಬಂತು. ಅವರ ಪಕ್ಕದಲ್ಲೇ ಕುಳಿತೆ. ಜನ ಅದನ್ನೂ ನಾಟಕವೆಂದೇ ತಿಳಿದರು.