ಕಂಡಕ್ಟರ್ ರಾಮಲಿಂಗಪ್ಪನಿಗೆ ಉಳಿದ ಮಾತು

ದೇವದುರ್ಗದಿಂದ ರಾಯಚೂರಿಗೆ ಬರುವ ಬಸ್ಸಿನಲ್ಲಿ ಕಂಡಕ್ಟರ್ ರಾಮಲಿಂಗಪ್ಪನ ಬಾಯಿಗೆ ಬಿಡುವೇ ಇರಲಿಲ್ಲ. ಗಬ್ಬೂರಿನಲ್ಲಿ ಮೆಣಸಿನಕಾಯಿ ಚೀಲ ಹತ್ತಿಸುವವನಿಗೆ, "ಮಾವಾ, ಚೀಲಕ್ಕ ಸೀಟ್ ಕೊಟ್ಟು ನೀ ನಿಂತ್ಕೊಂತಿ ಏನು?" ಎನ್ನುವನು. "ಹೋಲ್ಡಾನ್!" ಎಂದು ಕೂಗಿ ಕಂಬಿಯನ್ನು ಎರಡು ಸಲ ಬಡಿದರೆ ಬಸ್ಸು ನಿಲ್ಲಲೇಬೇಕು. ರಾಯಚೂರಿನ ಮನೆಯಲ್ಲೂ ಅದೇ ಗಂಟಲು. "ಇದು ಮನಿರೀ, ಬಸ್ ಅಲ್ಲ" ಎಂದು ಹೆಂಡತಿ ದುರುಗಮ್ಮ ಗದರಿ ನಗುತ್ತಿದ್ದಳು.

ಒಂದು ಮುಂಜಾನೆ ಚಹಾ ಅವನ ಬಾಯಿಯ ಬಲಗಡೆಯಿಂದ ಸೋರಿ ಅಂಗಿಗೆ ಇಳಿಯಿತು. ಬಲಗೈ ಏಳಲಿಲ್ಲ. ಅವನ ತಮ್ಮ ಪಂಪಾಪತಿ ನೋಡಿದವನೇ, "ಲಕ್ವಾ ಹೊಡದದ ಅತ್ತಿಗಿ. ದವಾಖಾನಿಗೆ ಹೋಗೂಣೇನು?" ಎಂದ.

ಮಾನ್ವಿಯ ಆಚೆ ಒಬ್ಬರು ಲಕ್ವಾಕ್ಕೆ ಹಸಿರು ಮದ್ದು ಕೊಡುತ್ತಿದ್ದರು. ಅದಕ್ಕೊಂದು ಕಟ್ಟಳೆ: ಮೈಗೆ ಸೂಜಿ ತಾಗಿರಬಾರದು, ತಾಗಿದರೆ ಮದ್ದು ಹತ್ತುವುದಿಲ್ಲ.

"ದವಾಖಾನ್ಯಾಗ ಹೋದಕೂಡ್ಲೇ ಸೂಜಿ ಚುಚ್ಚತಾರ. ನಮ್ಮಪ್ಪ ಆ ಮದ್ದಿಗೇ ಎದ್ದು ಓಡ್ಯಾಡಿದ. ಮಾನ್ವಿಗೇ ನಡಿ" ಎಂದವಳು ದುರುಗಮ್ಮನೇ.

ಆಟೋ ರಾಯಚೂರಿನ ದೊಡ್ಡ ಆಸ್ಪತ್ರೆಯೊಂದರ ಗೇಟು ದಾಟುವಾಗ ರಾಮಲಿಂಗಪ್ಪ ಎಡಗೈಯಿಂದ ಕಂಬಿಯನ್ನು ಬಡಿದ. ಎರಡು ಸಲ. "ಹೋಲ್ಡಾನ್" ಎಂದ, ತೊದಲಿ.

ಪಂಪಾಪತಿ ನಕ್ಕ. "ನೋಡತ್ತಿಗಿ, ಅಣ್ಣಗ ಡ್ಯೂಟಿ ನೆನಪಾತು! ಏನೂ ಆಗಾಂಗಿಲ್ಲ ತಗಿ."

ದುರುಗಮ್ಮನೂ ನಕ್ಕಳು. ಆಟೋ ಮುಂದೆ ಹೋಯಿತು.

ಮದ್ದು ಕುಡಿಸಿದರು, ಉಪ್ಪಿಲ್ಲದ ಪಥ್ಯ ಮಾಡಿಸಿದರು. ಕೈ ಏಳಲಿಲ್ಲ, ಇದ್ದ ಮಾತೂ ಇಂಗಿತು. ಆಮೇಲೆ ಅದೇ ಗೇಟಿನೊಳಗೆ ಹೊತ್ತುಕೊಂಡು ಹೋದರು.

"ಮಿದುಳಿನ ರಕ್ತನಾಳ ಕಟ್ಟಿಕೊಂಡದಮ್ಮಾ. ಆದ ತಾಸಿನಾಗ ಬಂದಿದ್ರ ಏನರ ಮಾಡಬಹುದಿತ್ತು" ಎಂದರು ಡಾಕ್ಟರು. "ಸತ್ತ ಭಾಗ ತಿರುಗಿ ಬರೂದಿಲ್ಲ."

ಈಗ ಅವನಲ್ಲಿ ಉಳಿದಿರುವುದು ಅದೊಂದೇ ಮಾತು. ಹಸಿದರೂ ಹೋಲ್ಡಾನ್, ಉಚ್ಚೆ ಬಂದರೂ ಹೋಲ್ಡಾನ್. ಓಣಿಯ ಹುಡುಗರು ಕೇಳಿಸಿಕೊಂಡು "ರೈಟ್ ರೈಟ್!" ಎಂದು ಓಡುತ್ತಾರೆ. ದುರುಗಮ್ಮ ಬೈಯುವುದಿಲ್ಲ. ಅವಳನ್ನು ಕೊರೆಯುವುದು ಬೇರೆ. ಅಂದು ಗೇಟಿನ ಮುಂದೆ ಅವನು ಬಾಯಿಗೆ ಬಂದದ್ದು ಅಂದನೋ, ನಿಲ್ಲಿಸಿ ಅಂದನೋ?

ನಿನ್ನೆ ಸಂಜೆ ಹಾಲಿನಲ್ಲಿ ನೆನೆದ ರೊಟ್ಟಿ ತಿನ್ನಿಸುತ್ತ ಕೇಳಿಯೇಬಿಟ್ಟಳು. "ಅವತ್ತು ದವಾಖಾನಿ ಮುಂದ ಆಟೋ ನಿಲ್ಲಸ್ರಿ ಅಂತ ಹೇಳಿದ್ರಿ, ಹೌದಲ್ರೀ?"

ಅವನು ಅವಳ ಮುಖವನ್ನೇ ನೋಡಿದ. ಎಡಗೈ ಎತ್ತಿ ಮಂಚದ ಕಂಬಿಯನ್ನು ಬಡಿದ. ಎರಡು ಸಲ.

ತುತ್ತು ಹಿಡಿದ ದುರುಗಮ್ಮನ ಕೈ ಅಲ್ಲೇ ನಿಂತಿತು. ಹಾಲು ಮೊಣಕೈವರೆಗೆ ಇಳಿಯಿತು.