ತಿಪ್ಪಮ್ಮನ ಬಾಯಲ್ಲಿ ಯಾರದೋ ಮಾತು

ತಿಪ್ಪಮ್ಮ ಬಾಯಿ ತೆರೆದರೆ ಟೇಪ್ ರೆಕಾರ್ಡರಿನ ಮುಳ್ಳು ಕೆಂಪು ಗೆರೆ ದಾಟಿ ಆಚೆಗೆ ಬಡಿಯುತ್ತಿತ್ತು. ಮೈಕನ್ನು ಎಷ್ಟು ದೂರ ಹಿಡಿದರೂ ಅಷ್ಟೇ. ‘ಸ್ವಲ್ಪ ಮೆಲ್ಲಗೆ ಮಾತಾಡಮ್ಮ’ ಎಂದರೆ, ‘ಮೆಲ್ಲಗೆ ಮಾತಾಡಾಕೆ ನಾನೇನು ಕದ್ದು ಬಂದೀನಾ ತಮ್ಮಾ?’ ಎಂದು ಇನ್ನೂ ಜೋರಾಗಿ ಕೇಳುತ್ತಿದ್ದಳು. ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಕುರಿ ಕೂಗಿ ಬೆಳೆದ ಗಂಟಲು.

ಜಗಳೂರು ಸೀಮೆಯಲ್ಲಿ, ಬಿಳಿಚೋಡಿನಿಂದ ಒಳಕ್ಕೆ, ಬಸ್ಸು ಹೋಗದ ಒಂದು ಹಟ್ಟಿ ಅವಳದು. ಆಗ ಎಂಬತ್ತರ ದಶಕದ ಆರಂಭ. ಹೊನ್ನಾಳಿಯವನಾದ ನಾನು ಅಷ್ಟಿಷ್ಟು ಸಿನಿಮಾ ಕಲಿತು ನನ್ನ ಮೊದಲ ಸಾಕ್ಷ್ಯಚಿತ್ರಕ್ಕೆ ಕೈಹಾಕಿದ್ದೆ. ದುಡ್ಡು ಒಂದು ಸರ್ಕಾರಿ ಕಚೇರಿಯದು, ವಿಷಯ ಹಳ್ಳಿಗಳಿಗೆ ಬಂದ ನಲ್ಲಿ ನೀರು. ಯಾರನ್ನು ಮಾತಾಡಿಸಲಿ ಎಂದು ಹಟ್ಟಿಯಲ್ಲಿ ಕೇಳಿದರೆ ಎಲ್ಲರೂ ಒಂದೇ ಮನೆ ತೋರಿಸಿದರು. ಅಧಿಕಾರಿ ಬರಲಿ, ಓಟು ಕೇಳುವವರು ಬರಲಿ, ಹಟ್ಟಿಯ ಪರವಾಗಿ ಎದುರು ನಿಂತು ಮಾತಾಡುವವಳು ತಿಪ್ಪಮ್ಮ. ‘ಹೇಳಿದ್ದು ಹೇಳ್ದಂಗೆ ಇರ್ಬೇಕು’ ಎನ್ನುತ್ತಿದ್ದಳು. ಸಂತೆಯಲ್ಲಿ ಕುರಿ ಮಾರುವಾಗಲೂ ಒಂದೇ ಬೆಲೆ, ಚೌಕಾಸಿಯ ಮಾತೇ ಇಲ್ಲ.

ಚಿತ್ರೀಕರಣದ ದಿನ ಬೆಳಿಗ್ಗೆ ಎಲ್ಲಿಂದಲೋ ಒಂದು ಟ್ಯಾಂಕರ್ ಬಂದು ಹಟ್ಟಿಯ ಹೊಸ ತೊಟ್ಟಿಗೆ ನೀರು ತುಂಬಿ ಹೋಯಿತು. ನಲ್ಲಿ ತಿರುಗಿಸಿದರೆ ನೀರೇ ನೀರು. ಎಂಜಿನಿಯರ್ ಸಾಹೇಬರು ನನ್ನ ಬೆನ್ನ ಹಿಂದೆ ನಿಂತು ‘ನಗಮ್ಮಾ, ನಗು’ ಎಂದರು. ತಿಪ್ಪಮ್ಮ ನಗಲಿಲ್ಲ. ಕೊಡ ಸೊಂಟಕ್ಕೇರಿಸಿ ಕ್ಯಾಮೆರಾವನ್ನೇ ದಿಟ್ಟಿಸಿ ಹೇಳಿದಳು: ‘ಇವತ್ತು ನೀವು ಬಂದೀರಿ, ನೀರೂ ಬಂದೈತೆ. ನಾಳೆ ನೀವು ಹೋಗ್ತೀರಿ, ನೀರೂ ಹೋಗ್ತೈತೆ. ತೊಟ್ಟಿ ಕಟ್ಟಿದ ಮ್ಯಾಲೆ ಇದೇ ಮೊದಲ್ನೇ ಸಲ ನೀರು ಕಂಡಿರೋದು. ನಾಳೆಯಿಂದ ಮತ್ತೆ ಹಳ್ಳಕ್ಕೆ ಹೋಗ್ಬೇಕು ನಾವು.’

ಸಾಹೇಬರ ಮುಖ ಕಪ್ಪಿಟ್ಟಿತು. ನನಗೋ ಖುಷಿ. ನನ್ನ ಚಿತ್ರಕ್ಕೆ ಜೀವ ಬಂತು ಅಂದುಕೊಂಡೆ. ಚಿತ್ರ ಮುಗಿದ ಮೇಲೆ ತಂದು ತೋರಿಸುತ್ತೇನೆ ಎಂದು ಅವಳಿಗೆ ಮಾತು ಕೊಟ್ಟು ಬಂದೆ.

ದುಡ್ಡು ಕೊಟ್ಟಿದ್ದ ಬೆಂಗಳೂರಿನ ಕಚೇರಿಯವರು ಮಾಡಿದ್ದನ್ನು ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ. ತಿಪ್ಪಮ್ಮನ ದನಿಯನ್ನು ಕಿತ್ತುಹಾಕಿ, ಯಾವಳೋ ನಾಜೂಕು ಹೆಂಗಸಿನಿಂದ ಬೇರೆ ಮಾತು ಹೇಳಿಸಿ ಅಂಟಿಸಿದ್ದರು: ‘ನಮ್ಮ ಊರಿಗೆ ಗಂಗೆಯೇ ಇಳಿದು ಬಂದಿದ್ದಾಳೆ. ನಮ್ಮ ಬವಣೆ ನೀಗಿತು.’ ಮೂಲ ಟೇಪು ಕೊಡಿ ಎಂದರೆ ಅದರ ಮೇಲೆ ಇನ್ನೇನೋ ಭಾಷಣ ತುಂಬಿಸಿಯಾಗಿತ್ತು. ನಾನು ಕೂಗಾಡಿದೆ, ನನ್ನ ಹೆಸರು ತೆಗೆಯಿರಿ ಎಂದೆ. ಮೇಜಿನಾಚೆಯ ಅಧಿಕಾರಿ ಎಲೆಯಡಿಕೆ ಜಗಿಯುತ್ತಲೇ, ‘ನೀವು ಚಿತ್ರ ತೆಗೀರಿ, ಮಾತು ನಾವು ನೋಡ್ಕೋತೀವಿ’ ಅಂದ. ಎಂಥ ಸೊಕ್ಕು! ಹೆಸರನ್ನೂ ತೆಗೆಯಲಿಲ್ಲ.

ಊರೂರಿಗೆ ಚಿತ್ರ ತೋರಿಸುವ ಕಚೇರಿಯ ಪ್ರಚಾರದ ವ್ಯಾನು ಆ ಹಟ್ಟಿಗೆ ಹೋಗುತ್ತದೆಂದು ಗೊತ್ತಾದಾಗ ನಾನೂ ಹೋದೆ. ತಿಪ್ಪಮ್ಮನಿಗೆ ನಡೆದದ್ದನ್ನು ಮೊದಲೇ ಹೇಳೋಣವೆಂದರೆ ಜನ ಆಗಲೇ ಬಿಳಿ ಪರದೆಯ ಎರಡೂ ಕಡೆ ಕಿಕ್ಕಿರಿದು ಕೂತಿದ್ದರು. ಅವಳು ಬೀಗರನ್ನೂ ಕರೆಸಿಕೊಂಡು ಮುಂದೆಯೇ ಕೂತಿದ್ದಳು. ಪರದೆಯ ಮೇಲೆ ಅವಳ ಮುಖ ಬಂದಾಗ ಹಟ್ಟಿಗೆ ಹಟ್ಟಿಯೇ ಸಿಳ್ಳೆ ಹೊಡೆಯಿತು. ಆಮೇಲೆ ಆ ನಾಜೂಕು ದನಿ ಬಂತು. ಎಲ್ಲರೂ ಪರದೆ ಬಿಟ್ಟು ತಿಪ್ಪಮ್ಮನ ಕಡೆ ತಿರುಗಿದರು. ಹಿಂದಿನಿಂದ ಯಾರೋ ಕೇಳಿದರು: ‘ಹಿಂಗೆ ಹೇಳಾಕೆ ಏನು ಕೊಟ್ರು ತಿಪ್ಪಮ್ಮಾ ನಿಂಗೆ?’

ಅವಳು ಎದ್ದಳು. ‘ಬಾಯಿ ನಂದು. ಮಾತು ಯಾವಳ್ದು?’ ಎನ್ನುತ್ತ ಹೋಗಿ ಪರದೆಯ ಪಕ್ಕ ನಿಂತಳು. ‘ಮೊದ್ಲಿಂದ ಹಾಕ್ರಿ. ದನಿ ಬ್ಯಾಡ.’

ಪ್ರೊಜೆಕ್ಟರ್ ನಡೆಸುತ್ತಿದ್ದ ಆಪರೇಟರ್ ಸಾಧು ಮನುಷ್ಯ. ‘ನನ್ನ ಕೆಲ್ಸ ಹೋಗ್ತೈತಮ್ಮ’ ಎಂದ.

‘ನಿಂಗೆ ಬ್ಯಾರೆ ಕೆಲ್ಸ ಸಿಗ್ತೈತಪ್ಪ. ಈ ಜನ ನನ್ನ ಮಾತು ನಂಬದಂಗಾದ್ರೆ ನಾನು ಎಲ್ಲಿಗೆ ಹೋಗ್ಲಿ?’

ಆತ ನನ್ನ ಮುಖ ನೋಡಿದ. ಹಾಕಿ ಎಂದೆ. ರೀಲು ಹಿಂದಕ್ಕೆ ಸುತ್ತಿ, ದನಿ ಅಡಗಿಸಿ ಮತ್ತೆ ಬಿಟ್ಟ. ತಿಪ್ಪಮ್ಮ ಅಂದು ಹೇಳಿದ್ದನ್ನೇ ಮತ್ತೆ ಹೇಳಿದಳು, ‘ನೀವು ಬಂದೀರಿ, ನೀರೂ ಬಂದೈತೆ’ ಎನ್ನುವುದರಿಂದ ಹಿಡಿದು ಕೊನೆಯವರೆಗೆ. ಪರದೆಯ ಮೇಲಿನ ಬಾಯಿ ಮುಚ್ಚಿದ ಮೇಲೂ ಇವಳ ಮಾತು ಇನ್ನೂ ಸ್ವಲ್ಪ ಉಳಿದಿತ್ತು. ಮೈಕು ಬೇಕಾಗಲಿಲ್ಲ. ಏನು ಕೊಟ್ಟರೆಂದು ಕೇಳಿದ್ದವನೇ ಎದ್ದು ಬಂದು ಅವಳಿಗೆ ಕೂರಲು ಜಾಗ ಬಿಡಿಸಿಕೊಟ್ಟ.

ಹೊರಡುವಾಗ ಅವಳಿಗೆ ಕೈ ಮುಗಿದೆ. ಅವಳು ಬೈಯಲಿಲ್ಲ. ‘ಬ್ಯಾರೆ ಊರಾಗೂ ತೋರಿಸ್ತಾರೇನು ಇದನ್ನ?’ ಎಂದು ಕೇಳಿದಳು. ಚನ್ನಗಿರಿಯಲ್ಲಿ, ನ್ಯಾಮತಿಯಲ್ಲಿ ಆಗಲೇ ತೋರಿಸಿದ್ದಾರೆ, ಇನ್ನು ಸಾಸ್ವೆಹಳ್ಳಿ ಎಂದೆ.

‘ಅಲ್ಲಿ ನನ್ನ ಮಾತು ಯಾರು ಹೇಳ್ತಾರೆ ತಮ್ಮಾ?’

ಅದೇ ನಮ್ಮ ಕೊನೆಯ ಭೇಟಿ. ಆ ವರ್ಷ ಕಳೆಯುವುದರೊಳಗೆ ತಿಪ್ಪಮ್ಮ ತೀರಿಕೊಂಡಳೆಂದು ಬಿಳಿಚೋಡಿನವರೊಬ್ಬರು ಹೇಳಿದರು. ನಲ್ಲಿಗೆ ನೀರು ಆಗಲೂ ಬಂದಿರಲಿಲ್ಲ.

ವ್ಯಾನು ಸಾಸ್ವೆಹಳ್ಳಿಗೆ ಬಂದದ್ದು ಆ ಸುದ್ದಿ ಕೇಳಿದ ಮೇಲೆ. ನಾನು ಹೋಗಿ ಜನರ ನಡುವೆ ಕೂತೆ. ಅದೇ ಆಪರೇಟರ್. ಕೊಡ ಹೊತ್ತ ತಿಪ್ಪಮ್ಮ ಪರದೆಯ ಮೇಲೆ ಬಂದಳು. ನಾನು ಎದ್ದು ನಿಂತೆ. ಆತನಿಗೆ ಹೇಳಬೇಕೆಂದು ತಿರುಗಿದರೆ ಆಗಲೇ ದನಿ ಅಡಗಿಸಿ, ಪ್ರೊಜೆಕ್ಟರಿನ ಗುಂಡಿಯ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದ.

‘ಇವರ ಹೆಸರು ತಿಪ್ಪಮ್ಮ’ ಎಂದು, ನನ್ನ ಗಂಟಲು ಎಷ್ಟು ದೊಡ್ಡದೋ ಅಷ್ಟೂ ತೆರೆದು, ಶುರು ಮಾಡಿದೆ.